ಹೊನ್ನಯ್ಯನವರ ಹದಿನೈದು ಸೆಕೆಂಡು

ಜೂನ್ 2, 2025, ಸೋಮವಾರ

ಇವತ್ತು ಕೂದಲು ಬಿಡಿಸುವುದು ಕಲಿತೆ. ಬಾಚಣಿಗೆಯಿಂದಲ್ಲ, ಮೌಸಿನಿಂದ. ಮದುಮಗಳ ತಲೆಯ ಸುತ್ತ ಹಾರಾಡುವ ಒಂದೊಂದು ಎಳೆಯನ್ನೂ ಉಳಿಸಿಕೊಂಡು ಹಿಂದಿನ ಹಸಿರು ಗೋಡೆಯನ್ನು ಮಾತ್ರ ತೆಗೆಯಬೇಕು. ಆಮೇಲೆ ಅವಳನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಬೇಕು. ಮೊದಲ ಸಲ ಮಾಡಿದಾಗ ಹುಡುಗಿ ಆಗ ತಾನೇ ಮುಡಿ ಕೊಟ್ಟು ಬಂದವಳ ಹಾಗೆ ಕಂಡಳು. ಮೂರನೇ ಸಲಕ್ಕೆ ನುಜ್ಹತ್ ಅಕ್ಕ ಹಿಂದೆ ಬಂದು ನಿಂತು ನೋಡಿ "ಊಂ" ಅಂದರು. ಅವರ ಬಾಯಿಂದ "ಊಂ" ಬಂದರೆ ಬೇರೆಯವರು ಶಾಲು ಹೊದಿಸಿದಷ್ಟು.

ಮಳವಳ್ಳಿಯ ಈ ಫ್ಲೆಕ್ಸ್ ಅಂಗಡಿ ಸೇರಿ ಎರಡು ತಿಂಗಳಾಯಿತು. ದಿನಾ ಮದ್ದೂರಿನಿಂದ ಬಸ್ಸು. ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಅಮ್ಮನ ಬಾಯಿಗೆ ಸಿಕ್ಕಿಕೊಂಡಿದ್ದವಳಿಗೆ ಬಸ್ಸಿನ ನೂಕುನುಗ್ಗಲೂ ಹಿತವಾಗಿದೆ. ಮಾಲೀಕ ರವಿಚಂದ್ರ ಸರ್‌ಗೆ ಗಿರಾಕಿಗಳ ಹತ್ತಿರ ಮಾತಾಡುವುದೊಂದೇ ಕೆಲಸ. ಡಿಸೈನ್ ಎಲ್ಲ ನುಜ್ಹತ್ ಅಕ್ಕನದು, ಹನ್ನೊಂದು ವರ್ಷದಿಂದ. ದೊಡ್ಡ ಕಂಪ್ಯೂಟರು ಅವರದು. ನನಗೆ ಮೂಲೆಯಲ್ಲಿ ಹಳೇದೊಂದು ಇದೆ, ಅದು ತೆರೆಯುವುದರೊಳಗೆ ಒಂದು ಲೋಟ ಟೀ ಕುಡಿದು ಮುಗಿಸಬಹುದು.

ಆ ದೊಡ್ಡದರಲ್ಲಿ 'ತಲೆಗಳು' ಎಂದು ಒಂದು ಫೋಲ್ಡರ್ ಇದೆ. ತಾಲ್ಲೂಕಿನ ಮುಖಂಡರು, ಮರಿಮುಖಂಡರು, ಹುಟ್ಟುಹಬ್ಬದ ಅಣ್ಣಂದಿರು ಎಲ್ಲರ ತಲೆಯೂ ಕತ್ತರಿಸಿ ಸಿದ್ಧವಾಗಿದೆ. ಇನ್ನೂರಕ್ಕೂ ಹೆಚ್ಚು. ಬೇಕಾದಾಗ ಎತ್ತಿ ಫ್ಲೆಕ್ಸಿಗೆ ಅಂಟಿಸುವುದು. ನನಗೆ ಈಗ ಮನುಷ್ಯರನ್ನು ಕಂಡರೆ ಮೊದಲು ಅಂಚು ಕಾಣುತ್ತದೆ, ಎಲ್ಲಿಂದ ಕತ್ತರಿಸಬೇಕು ಅಂತ. ಆರು ತಿಂಗಳಲ್ಲಿ ಆ ದೊಡ್ಡ ಕಂಪ್ಯೂಟರಿನ ಮುಂದೆ ನಾನು ಕೂರದಿದ್ದರೆ ನನ್ನ ಹೆಸರು ಗಗನ ಅಲ್ಲ.

ಜೂನ್ 5, ಗುರುವಾರ

ದೀಪ ಉರಿಸಿದೆ! ನಾಲ್ಕು ದಿನದ ಒದ್ದಾಟ. ಜ್ವಾಲೆ ಈ ಕ್ಷಣ ಇಲ್ಲಿ, ಮುಂದಿನ ಕ್ಷಣ ಅಲ್ಲಿ ಅಂತ ಗುರುತು ಹಾಕಿದರೆ ನಡುವಿನ ಓಲಾಟವನ್ನು ಸಾಫ್ಟ್‌ವೇರೇ ತುಂಬಿಕೊಳ್ಳುತ್ತದೆ. ಆ ಗುರುತಿಗೆ ಕೀಫ್ರೇಮ್ ಎನ್ನುತ್ತಾರೆ. ದೀಪ, ಮೇಲಿನಿಂದ ಉದುರುವ ಬಿಳಿ ಹೂವು, ನಿಧಾನಕ್ಕೆ ಹತ್ತಿರ ಬರುವ ಮುಖ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಹದಿನೈದು ಸೆಕೆಂಡು. ಈಗ ಯಾರು ತೀರಿಕೊಂಡರೂ ಮೊದಲು ಹೊರಡುವುದು ಇದೇ, ಆಮೇಲೆ ಹೆಣ.

ನುಜ್ಹತ್ ಅಕ್ಕ ಪೂರ್ತಿ ನೋಡಿ, ಹೂವಿನ ನೆರಳು ಬಿದ್ದಿಲ್ಲ ಎಂದರು. ಯಾರು ನೋಡುತ್ತಾರೆ ನೆರಳನ್ನು? ಅಂದೆ.

"ನೀನ್ ನೋಡ್ಬೇಕು. ಕಳ್ಸಕ್ ಮುಂಚೆ ಮೊದ್ಲಿಂದ ಕೊನೇವರ್ಗೂ ಒಂದ್ಸಲ ನೋಡು. ಹದಿನೈದು ಸೆಕೆಂಡ್ ಕಣೇ, ನಿನ್ ಗಂಟೇನ್ ಓಯ್ತದೆ?"

ನನಗೆ ಸಿಟ್ಟು ಬಂತು. ಎಲ್ಲದಕ್ಕೂ ಒಂದು ಕೊಂಕು.

ಜೂನ್ 9, ಸೋಮವಾರ

ಇವತ್ತು ನನ್ನ ದಿನ. ಅಕ್ಕ ಮಧ್ಯಾಹ್ನವೇ ಅವರ ಅಮ್ಮ ನಜ್ಮುನ್ನೀಸಾ ಅವರ ಕಣ್ಣು ತೋರಿಸಲು ಮಂಡ್ಯಕ್ಕೆ ಹೋದರು. ಹೋಗುವಾಗ "ತೀರಾ ಅರ್ಜೆಂಟಾದ್ರೆ ನನ್ ಕಂಪ್ಯೂಟರ್ ತಗೋ" ಎಂದರು. ತೀರಾ ಅರ್ಜೆಂಟು ಮೂರು ಗಂಟೆಗೆ ಬಂತು.

ಪೂರಿಗಾಲಿ ಆಚೆಯ ಒಂದು ಊರಿನ ಹಾಲಿನ ಡೇರಿಯ ಅಧ್ಯಕ್ಷ ಕೆಂಪಸಿದ್ದಯ್ಯ ತೀರಿಕೊಂಡಿದ್ದಾರೆ, ನಾಳೆ ಹನ್ನೊಂದನೇ ದಿನದ ತಿಥಿ. ಅವರ ಜಾಗಕ್ಕೆ ಅದೇ ಊರಿನ ಹೊನ್ನಯ್ಯನನ್ನು ಸದ್ಯಕ್ಕೆ ಆರಿಸಿದ್ದಾರೆ. ಬಂದಿದ್ದು ಆ ಹೊನ್ನಯ್ಯನೇ, ಜೊತೆಗೆ ಅವರ ಅಣ್ಣನ ಮಗ ರಘುನಂದನ್. ಸತ್ತವರಿಗೆ ಶ್ರದ್ಧಾಂಜಲಿಯ ವಿಡಿಯೋ ಬೇಕು ಎಂದರು ಹೊನ್ನಯ್ಯ. ಚಿಕ್ಕಪ್ಪನಿಗೆ ಅಭಿನಂದನೆಯ ವಿಡಿಯೋನೂ ಬೇಕು ಎಂದ ರಘುನಂದನ್.

"ಮೊದ್ಲು ಕೆಂಪಸಿದ್ದುಂದು ಮಾಡ್ಸವ್ವ. ನಂದು ಮಾಡ್ಸುದ್ರೆ ಮಾಡ್ಸು, ಬುಟ್ರೆ ಬುಡು," ಅಂದರು ಹೊನ್ನಯ್ಯ. ನಾನು ಆರ್ಡರ್ ಬರೆದುಕೊಳ್ಳುವವಳು, ಮಾಡುವವರು ಬೇರೆ ಎಂದುಕೊಂಡೇ ಇಬ್ಬರೂ ಹೊರಟರು.

ಅಕ್ಕನ ಕಂಪ್ಯೂಟರಿನಲ್ಲಿ ನಾನು ಎರಡನ್ನೂ ಎರಡು ಗಂಟೆಯಲ್ಲಿ ಮಾಡಿದೆ. ಶ್ರದ್ಧಾಂಜಲಿ ಸಿದ್ಧವಾದ ಮೇಲೆ ಅದನ್ನೇ ನಕಲು ಮಾಡಿ, ದೀಪ ತೆಗೆದು ಪಟಾಕಿ, ಬಿಳಿ ಹೂವು ತೆಗೆದು ಚಿನ್ನದ ಚೂರು. ಹೊನ್ನಯ್ಯನ ಫೋಟೋ ತುಂಬ ಕಷ್ಟ ಕೊಟ್ಟಿತು. ಕಪ್ಪು ಬಣ್ಣ, ಎಡಗೆನ್ನೆಯ ಮೇಲೆ ಉದ್ದಕ್ಕೆ ಒಂದು ಗಾಯದ ಕಲೆ. ಕಲೆಯನ್ನು ಒರೆಸಿ, ಮುಖವನ್ನು ಮೂರು ಪಟ್ಟು ಬೆಳ್ಳಗೆ ಮಾಡಿ, ತಲೆಗೂದಲಿಗೆ ಬಣ್ಣ ಹಚ್ಚಿದೆ. ಹತ್ತು ವರ್ಷ ಕಮ್ಮಿ ಆಯಿತು. ಎರಡು ವಿಡಿಯೋಗಳನ್ನೂ ಕೊನೆಯ ರೂಪಕ್ಕೆ ಇಳಿಸಲು ಒಟ್ಟಿಗೇ ರೆಂಡರ್‌ಗೆ ಹಾಕಿ, ಅಭಿನಂದನೆಯದನ್ನು ಮೂರು ಸಲ ನೋಡಿ ಮೆಚ್ಚಿಕೊಂಡು, ಎರಡನ್ನೂ ಅಂಗಡಿಯ ಫೋನಿನಿಂದ ರಘುನಂದನ್‌ಗೆ ಕಳಿಸಿ ಬಸ್ಸಿಗೆ ಓಡಿದೆ. ನುಜ್ಹತ್ ಅಕ್ಕ ಇದ್ದಿದ್ದರೆ ನಾಳೆ ಬೆಳಿಗ್ಗೆವರೆಗೆ ಎಳೆಯುತ್ತಿದ್ದರು.

ಜೂನ್ 10, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶ್ರದ್ಧಾಂಜಲಿಯ ವಿಡಿಯೋದಲ್ಲಿ ಹೆಸರು ಕೆಂಪಸಿದ್ದಯ್ಯನದು, ಮುಖ ಹೊನ್ನಯ್ಯನದು. ದೀಪದ ಹಿಂದೆ, ಹೂವಿನ ಕೆಳಗೆ, ಬೆಳ್ಳಗೆ ನಗುತ್ತಾ ಹೊನ್ನಯ್ಯ.

ರಘುನಂದನ್ ಕೂಡ ನೋಡದೆಯೇ ಬೆಳಗ್ಗೆ ಎದ್ದವನು ಊರಿನ ಗ್ರೂಪಿಗೆ ಹಾಕಿದ್ದಾನೆ. ಅಲ್ಲಿಂದ ನೆಂಟರ ಗ್ರೂಪಿಗೆ. ಸಣ್ಣ ಅಕ್ಷರದ ಹೆಸರನ್ನು ಯಾರು ಓದುತ್ತಾರೆ? ಮುಖ ನೋಡಿದ್ದಾರೆ. ಹೊನ್ನಯ್ಯನ ನಾದಿನಿ ಹಾರ ಹಿಡಿದು, ಎದೆ ಬಡಿದುಕೊಂಡು ಮನೆಗೇ ಬಂದಳಂತೆ. ಬಚ್ಚಲ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದ ಹೊನ್ನಯ್ಯನನ್ನು ಕಂಡು ಅಲ್ಲೇ ಕುಸಿದಳಂತೆ. ಮೊದಮೊದಲು ಜನ ನಕ್ಕರಂತೆ. ಆಮೇಲೆ ಹಿರಿಯರೊಬ್ಬರು, ಬದುಕಿರುವವನ ಮುಖದ ಮುಂದೆ ದೀಪ ಹಚ್ಚಿದರೆ ಒಳ್ಳೆಯದಲ್ಲ ಅಂದರಂತೆ. ಅಲ್ಲಿಗೆ ನಗು ನಿಂತಿತು.

ನಾನು ಬಸ್ಸಿಳಿದು ಬರುವಷ್ಟರಲ್ಲಿ ಅಂಗಡಿಯಲ್ಲಿ ಐದು ಜನ ಗಂಡಸರು. ರಘುನಂದನ್ ಕೂಗುತ್ತಿದ್ದ, "ಯಾರು ಮಾಡಿದ್ದು ಇದ್ನ? ಯಾರ್ ಅಂತ ಯೋಳಿ ಮೊದ್ಲು!"

ರವಿಚಂದ್ರ ಸರ್ ದೊಡ್ಡ ಕಂಪ್ಯೂಟರಿನ ಕಡೆ ನೋಡಿದರು. ಅಲ್ಲಿ ನುಜ್ಹತ್ ಅಕ್ಕ ಕೂತಿದ್ದರು. ನನ್ನ ಫೈಲ್ ತೆರೆದರು. ಹೊರಗಿನ ಎರಡು ವಿಡಿಯೋ ಬೇರೆ ಬೇರೆ, ಆದರೆ ಒಳಗೆ ಫೋಟೋ ಇಡುವ ಪೆಟ್ಟಿಗೆ ಮಾತ್ರ ಎರಡಕ್ಕೂ ಒಂದೇ. ಹೊರಗಿನದನ್ನು ನಕಲು ಮಾಡಿದರೆ ಒಳಗಿನ ಪೆಟ್ಟಿಗೆ ನಕಲಾಗುವುದಿಲ್ಲ, ಅದನ್ನು ಬೇರೆಯಾಗಿ ನಕಲು ಮಾಡಬೇಕು. ಅಭಿನಂದನೆಗೆಂದು ನಾನು ಹೊನ್ನಯ್ಯನನ್ನು ಒಳಗಿಟ್ಟ ಕ್ಷಣವೇ ಶ್ರದ್ಧಾಂಜಲಿಯಲ್ಲೂ ಕೆಂಪಸಿದ್ದಯ್ಯ ಎದ್ದು ಹೋಗಿ ಹೊನ್ನಯ್ಯ ಕೂತುಬಿಟ್ಟಿದ್ದಾರೆ. ಅಕ್ಕ ಅದನ್ನು ಕಂಡರು. ತಿರುಗಿ ನನ್ನನ್ನು ಒಮ್ಮೆ ನೋಡಿದರು. ಎದ್ದು ನಿಂತರು.

"ನನ್ ಟೇಬಲ್ಲಿಂದ ಓಗಿರೋದು. ನೋಡ್ದೆ ಕಳ್ಸಿದ್ದು ತಪ್ಪು. ನಿಮ್ಮೂರ್ಗೆ ಬಂದು ಕೈ ಮುಗೀತೀನಿ."

"ಏನ್ ನಿನ್ ಎಸ್ರು?" ಅಂದ ರಘುನಂದನ್.

ಹೇಳಿದರು. ಹೆಸರು ಕೇಳಿದ ಮೇಲೆ ಅವನ ಮುಖ ಬೇರೆ ಆಯಿತು. "ಓ, ಅಂಗಾ ಇಸ್ಯ! ಬೇಕೂಂತ್ಲೇ ಮಾಡವ್ಳೆ ಕಣ್ರಲಾ ಇವ್ಳು." ಉಳಿದವರೂ ದನಿ ಸೇರಿಸಿದರು. ಏನೇನು ಅಂದರು ಎಂದು ಇಲ್ಲಿ ಬರೆಯುವುದಿಲ್ಲ.

ನಾನು ಪ್ರಿಂಟಿಂಗ್ ಮೆಷಿನ್ ಪಕ್ಕ ನಿಂತು ಫ್ಲೆಕ್ಸ್ ಸುರುಳಿಯನ್ನು ನೇರ ಮಾಡುತ್ತಿದ್ದೆ. ಅದು ನೇರವಾಗಿಯೇ ಇತ್ತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಜೂನ್ 11, ಬುಧವಾರ

ಸ್ವಲ್ಪ ದಿನ ಬರಬೇಡ ಎಂದು ಸರ್ ಅಕ್ಕನಿಗೆ ಹೇಳಿದ್ದಾರೆ. ವಿಷಯ ತಣ್ಣಗಾಗಲಿ ಅಂತ. ಅವರ ಒಳ್ಳೆಯದಕ್ಕೇ.

ದೊಡ್ಡ ಕಂಪ್ಯೂಟರನ್ನು ಇವತ್ತು ಬೆಳಿಗ್ಗೆ ನಾನೇ ತೆರೆದು ಕೂತೆ. ಎಷ್ಟು ಬೇಗ ತೆರೆದುಕೊಳ್ಳುತ್ತದೆ! ಖುಷಿಯಾಯಿತು ಎಂದು ಬರೆಯಲು ನಾಚಿಕೆ. ಆದರೆ ಆಯಿತು. ಕುರ್ಚಿ ಮಾತ್ರ ನನಗೆ ಎತ್ತರ ಸರಿ ಹೋಗಲಿಲ್ಲ, ಇಳಿಸುವ ಹಿಡಿ ಎಲ್ಲಿದೆಯೋ ಸಿಗಲಿಲ್ಲ.

ಅಕ್ಕನಿಗೆ ಹನ್ನೊಂದು ವರ್ಷದ ಹೆಸರಿದೆ, ತಡೆದುಕೊಳ್ಳುತ್ತಾರೆ. ನನಗಿರುವುದು ಎರಡು ತಿಂಗಳು. ನಾನು ಬಾಯಿಬಿಟ್ಟಿದ್ದರೆ ನಿನ್ನೆಯೇ ಮದ್ದೂರು ಬಸ್ಸು ಹತ್ತಿಸುತ್ತಿದ್ದರು. ಇದರಲ್ಲಿ ತಪ್ಪೇನಿದೆ?

ಜೂನ್ 13, ಶುಕ್ರವಾರ

ಹೊನ್ನಯ್ಯ ನಿನ್ನೆ ಡೇರಿಯಲ್ಲಿ ಹಾಲು ಅಳೆಯುತ್ತಾ ಇದ್ದವರು ಎದೆ ಹಿಡಿದುಕೊಂಡು ಬಿದ್ದರಂತೆ. ಮಂಡ್ಯದ ಆಸ್ಪತ್ರೆಯಲ್ಲಿದ್ದಾರೆ.

ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದರು. "ಪೋಟೋಗ್ ದೀಪ ಹಚ್ಚುದ್ ಮೇಲೆ ಉಳ್ದಾರಾ?" ಎಂದು ನಕ್ಕರು ಬೇರೆ. ನನಗೆ ನಗಲೂ ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ಜೂನ್ 14, ಶನಿವಾರ

ಹೊನ್ನಯ್ಯ ಉಳಿಯದಿದ್ದರೆ ನಾನು ಕೊಂದ ಹಾಗಾ?

ಜೂನ್ 16, ಸೋಮವಾರ

ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಲಿಲ್ಲ. "ಬಾಯ್ ಮುಚ್ಕಂಡಿರು. ಅವ್ಳೇ ಒಪ್ಕಂಡವ್ಳಲ್ಲ, ನಿಂದೇನು? ಮದ್ವೆ ಆಗ್ಬೇಕಾದೋಳು ನೀನು. ಹೆಣ ಬೀಳ್ಸಿದ್ ಉಡ್ಗಿ ಅಂತ ಎಸ್ರು ಬಂದ್ರೆ ಯಾವನ್ ಬತ್ತಾನೆ?" ಅಂದಳು. ಇಂಥ ಮಾತನ್ನೇ ಕೇಳಲು ಕಾದಿದ್ದೆ ನಾನು. ಕೇಳಿದ ಮೇಲೆ ಅಲ್ಲಿ ಕೂರಲಾಗದೆ ಎದ್ದು ಹೊರಗೆ ಹೋದೆ.

ಇವತ್ತು ಊಟದ ಹೊತ್ತಿನಲ್ಲಿ ನುಜ್ಹತ್ ಅಕ್ಕನ ಮನೆಗೆ ಹೋದೆ. ಮನೆಯ ಮುಂದೆಯೇ ಅವರ ಅಪ್ಪ ಬಾಬು ಜಾನ್ ಅವರ ಬೈಕು ರಿಪೇರಿ ಶೆಡ್ಡು. ನನ್ನನ್ನು ಕಂಡು, ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಪೂರಿಗಾಲಿ ಕಡೆ ಬೈಕು ಒಂದೂ ಬತ್ತಾ ಇಲ್ಲ ಕಣಮ್ಮ, ನಾಕ್ ದಿನದಿಂದ" ಎಂದರು. ದೂರುವ ದನಿ ಅಲ್ಲ, ಸುಮ್ಮನೆ ಹೇಳಿದರು. ಅದು ಬೈದಿದ್ದಕ್ಕಿಂತ ಜಾಸ್ತಿ ತಾಗಿತು.

ಅಕ್ಕ ಒಳಗೆ ಅಮ್ಮನ ಕಣ್ಣಿಗೆ ಔಷಧ ಹಾಕುತ್ತಿದ್ದರು. ನಾನು ನಿಂತಲ್ಲೇ ಹೇಳಿದೆ, ಅದು ನಾನು ಮಾಡಿದ್ದು ಅಕ್ಕ, ಕ್ಷಮಿಸಿ.

"ನಂಗ್ಯಾಕೆ ಯೋಳ್ತೀಯೆ? ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಯೋಳು."

"ಮತ್ತೆ ಅವತ್ತು ನೀವ್ಯಾಕೆ..."

"ನೀನು ಬಾಯ್ ಬುಡ್ತೀಯೇನೋ ಅಂತ ಒಂದ್ ನಿಮಿಷ ಕಾದೆ. ಬುಡ್ಲಿಲ್ಲ. ಕಲಿಸ್ದೋಳು ನಾನಲ್ವಾ, ಒಪ್ಕಂಡೆ. ಆಮೇಲೆ ಅವ್ರು ನನ್ ಎಸ್ರು ಕೇಳುದ್ರು. ಅದ್ಕೆ ಮಾತ್ರ ನಾನ್ ರೆಡಿ ಇರ್ಲಿಲ್ಲ."

ಟೀ ಕೊಟ್ಟರು. ಅರ್ಧ ಕುಡಿದು ಅಂಗಡಿಗೆ ಹೊರಟೆ.

ಜೂನ್ 17, ಮಂಗಳವಾರ

ರವಿಚಂದ್ರ ಸರ್‌ಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಬೆಂಕಿ ಆರ್ತಾ ಐತೆ, ನೀನ್ಯಾಕೆ ಊದಕ್ ಓಯ್ತೀಯ? ಯಾರೋ ಒಬ್ರು ಮಾಡವ್ರೆ ಅಂತ ಆಯ್ತಲ್ಲ. ನಾಳೆಯಿಂದ ಆ ಕುರ್ಚಿ ನಿಂದೇ ಅಂತ ಇಟ್ಕೊ."

ನಾನು ಬೇಕು ಬೇಕು ಎಂದು ಬಾಯಿಬಿಡುತ್ತಿದ್ದ ಕುರ್ಚಿ. ನಾಳೆ ರಜೆ ಬೇಕು ಸರ್ ಅಂದೆ. ಯಾಕೆ ಅಂದರು. ಪೂರಿಗಾಲಿಗೆ ಹೋಗಬೇಕು ಅಂದೆ. ಹೋದರೆ ವಾಪಸ್ ಬರಬೇಡ ಅಂದರು.

ಜೂನ್ 18, ಬುಧವಾರ

ಹೋಗಿ ಬಂದೆ.

ಪೂರಿಗಾಲಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡಿಗೆ. ಎರಡು ಸಲ ತಿರುಗಿ ಹೊರಟೆ, ಎರಡು ಸಲ ಮತ್ತೆ ತಿರುಗಿದೆ. ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಿದ್ದ ಮುದುಕರೊಬ್ಬರು "ಯಾರ್ ಮನೆಗವ್ವ?" ಎಂದು ಕೇಳಿದ್ದರಿಂದ ಹೊನ್ನಯ್ಯನವರ ಮನೆಗೆ ಎಂದು ಬಾಯಿಬಿಡಬೇಕಾಯಿತು. ಹೇಳಿದ ಮೇಲೆ ಹೋಗದೆ ದಾರಿಯಿರಲಿಲ್ಲ.

ಹೊನ್ನಯ್ಯ ಜಗಲಿಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆ, ಮಂಗಳವಾರ ಮೈಸೂರಿನಲ್ಲಿ ಆಪರೇಷನ್, ಅಲ್ಲಿಯವರೆಗೆ ಅಲುಗಾಡಬೇಡಿ ಎಂದು ಕಳಿಸಿದ್ದಾರೆ. ಅವರ ಹೆಂಡತಿ ದೇವಿರಮ್ಮ ಮೊರ ಹಿಡಿದು ಕೂತಿದ್ದರು. ರಘುನಂದನ್ ಕಂಬಕ್ಕೆ ಒರಗಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಹೇಳಿಬಿಟ್ಟೆ, "ಆ ವಿಡಿಯೋ ಮಾಡಿದ್ದು ನಾನು. ನುಜ್ಹತ್ ಅಕ್ಕ ಅವತ್ತು ಮಧ್ಯಾಹ್ನ ಅಂಗಡೀಲೇ ಇರ್ಲಿಲ್ಲ. ಅವ್ರದೇನೂ ತಪ್ಪಿಲ್ಲ."

ರಘುನಂದನ್ ನೆಟ್ಟಗಾದ. "ಎಂಟ್ ದಿನ ಎಲ್ ಸತ್ತಿದ್ದೆ?"

"ಎದ್ರುಕಂಡಿದ್ದೆ," ಅಂದೆ.

ದೇವಿರಮ್ಮ ಮೊರ ಕೆಳಗಿಟ್ಟರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾತಾಡತೊಡಗಿದರು. "ಯುಗಾದಿ ಕಳುದ್ ಮೇಲೆ ಕೊಟ್ಗೇಲಿ ಇವ್ರ ತಲೆಗೆ ಕಾಗೆ ಬಡೀತು ಕಣವ್ವ. ಕಾಗೆ ಬಡುದ್ರೆ ನೆಂಟ್ರಿಗೆಲ್ಲ ಸತ್ತೋದ್ರು ಅಂತ ಸುಳ್ ಸುದ್ದಿ ಕಳ್ಸಿ ಅಳುಸ್ಬೇಕು, ಆಗ ದೋಸ ಕಳೀತದೆ. ಕಳುಸ್ತೀನಿ ಅಂದ್ರೆ ಈವಯ್ಯ, ನನ್ ಎಸ್ರಲ್ಲಿ ಸುಳ್ ಯೋಳ್ಬ್ಯಾಡ ಅಂದ್ಬುಡ್ತು. ನಾನು ಸುಮ್ಗಾದೆ. ಈಗ ನೋಡುದ್ರೆ ನೀನು ಕಳ್ಸಿದ್ದೀಯೆ. ನನ್ ತಂಗಿ ಬೀದೀಲಿ ಬಿದ್ದು ಒದ್ದಾಡ್ಕಂಡು ಅತ್ಲು."

"ಹಾಗಾದ್ರೆ ದೋಷ ಕಳೀತಾ ಅಮ್ಮ?" ಪೆದ್ದಿಯ ಹಾಗೆ ಕೇಳಿದೆ. ನನಗೆ ಹೌದು ಎನ್ನಿಸಿಕೊಳ್ಳಬೇಕಿತ್ತು, ಅಷ್ಟೇ.

"ನಂಗೇನ್ ಗೊತ್ತು? ನಿನ್ ಕೈಲಿ ಬಂದಿದ್ದು ದೋಸವೋ ಪರಿಹಾರ್ವೋ, ಮಂಗಳವಾರ ಗೊತ್ತಾಯ್ತದೆ. ಅಲ್ಲೀಗಂಟ ನಿನ್ನ ಬೈಯಲ್ಲ."

ಆಗ ಮಂಚದಿಂದ ಹೊನ್ನಯ್ಯನ ದನಿ ಬಂತು. ಕಣ್ಣು ತೆರೆದಿರಲಿಲ್ಲ. "ರಗು. ಆ ಸಾಬ್ರ ಎಣ್ಮಗೀಗೆ ಏನಂದ್ ಬಂದಿದ್ದೆ ನೀನು?"

ರಘುನಂದನ್ ಕಂಬದ ಸುಣ್ಣ ಕೆರೆಯತೊಡಗಿದ.

"ನಾನ್ ಇರಾಗ್ಲೇ ಓಗಿ ಸರಿ ಮಾಡ್ಕಂಡ್ ಬಾ."

ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಗಂಟೆ ಕೂತು ತಿದ್ದಿದ ಮುಖ. ಮೀಸೆ ಇದೆಯೋ ಇಲ್ಲವೋ ಅನ್ನುವುದೂ ಖಾತ್ರಿಯಾಗಲಿಲ್ಲ.

ಜೂನ್ 20, ಶುಕ್ರವಾರ

ನನ್ನನ್ನು ಹೊರಗೆ ಹಾಕಲಿಲ್ಲ. ಫ್ಲೆಕ್ಸ್ ಕೆಲಸ ರಾಶಿ ಬಿದ್ದಿದೆ, ನನ್ನ ಕೈಯಲ್ಲಿ ಆಗುತ್ತಿಲ್ಲ, ಸರ್ ತಾವೇ ಹೋಗಿ ನುಜ್ಹತ್ ಅಕ್ಕನನ್ನು ಕರೆದುಕೊಂಡು ಬಂದರು. ನಾನು ಮೂಲೆಯ ಹಳೇ ಕಂಪ್ಯೂಟರಿಗೆ ಹೋದೆ. ಅಕ್ಕ ಬಂದವರೇ ಕುರ್ಚಿಯ ಕೆಳಗೆ ಕೈ ಹಾಕಿ ಎತ್ತರ ಸರಿ ಮಾಡಿಕೊಂಡರು. ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಹನ್ನೆರಡಕ್ಕೆ ರಘುನಂದನ್ ಬಂದ. ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಅಕ್ಕನ ಮೇಜಿನ ಮುಂದೆ ನಿಂತ. "ಡೇರಿಗೊಂದು ಬೋರ್ಡ್ ಬೇಕಿತ್ತು. ನೀವೇ ಮಾಡ್ಕೊಡಿ." ನಮ್ಮ ಕಡೆ ಗಂಡಸರು ತಪ್ಪಾಯ್ತು ಅನ್ನುವುದು ಹೀಗೇ. ನಾನಾಗಿದ್ದರೆ ಸಾಕಪ್ಪಾ ಎಂದು ಅಳತೆ ಬರೆದುಕೊಳ್ಳುತ್ತಿದ್ದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, "ಅವತ್ತಂದಿದ್ದು ಮೊದ್ಲು ವಾಪಸ್ ತಗೊಳ್ಳಿ. ಬೋರ್ಡ್ ಆಮೇಲೆ" ಎಂದರು.

ಕೀಲಿ ನಿಂತಿತು. "ತಪ್ಪಾಯ್ತು ಅಕ್ಕ," ಅಂದ.

"ಎಷ್ಟಡಿ ಬೋರ್ಡು?" ಅಂದರು ಅಕ್ಕ.

ಜೂನ್ 21, ಶನಿವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಹನ್ನೊಂದು ಗಂಟೆಗೆ ಅಂಗಡಿ ಮುಂದೆ ಆಟೋ ನಿಂತಿತು. ರಘುನಂದನ್ ಕೈ ಹಿಡಿದುಕೊಂಡು ಹೊನ್ನಯ್ಯ ಇಳಿದರು. ರಕ್ತ ಪರೀಕ್ಷೆಗೆ ಎಂದು ಹೆಂಡತಿಗೆ ಹೇಳಿ ಬಂದಿದ್ದಾರೆ. ನನ್ನ ಮೂಲೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆಸಿಕೊಂಡು ಕೂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಹೇಳಿದರು.

"ಅವತ್ತು ನೀನ್ ಮಾಡಿದ್ದ ನೋಡ್ದೆ. ಅದು ನಾನಲ್ಲ ಕಣವ್ವ. ಸತ್ ಮೇಲೆ ಯಾವನೋ ಬಿಳೀ ಮೊಕದೋನ್ಗೆ ಜನ ಕೈ ಮುಗುದ್ರೆ ಚಂದಾಗಿರ್ತದಾ? ಸರ್ಯಾಗ್ ಒಂದ್ ಮಾಡು. ನಾನ್ ನೋಡಿ ಒಪ್ಕಂಡು ಓಯ್ತೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಮ್ಮ ಶ್ರದ್ಧಾಂಜಲಿಯ ವಿಡಿಯೋ ಮಾಡಿಸಲು ಬಂದಿದ್ದಾರೆ. ನಾನು ಮಾಡುವುದಿಲ್ಲ ಎಂದೆ. ಅಳುತ್ತಲೇ ಹೇಳಿದೆ. ಅಕ್ಕ ಮಾಡಲಿ, ನನ್ನ ಕೈ ಒಳ್ಳೆಯದಲ್ಲ ಎಂದೆ.

ನುಜ್ಹತ್ ಅಕ್ಕ ಅಲ್ಲಿಂದಲೇ "ನಿನ್ನ ಕೇಳ್ತಾವ್ರೆ, ನೀನೇ ಮಾಡು. ನನ್ ಕಂಪ್ಯೂಟರಿಗೆ ಬಾ" ಎಂದು ಎದ್ದು ಜಾಗ ಕೊಟ್ಟರು.

ಹಳೆಯ ಫೈಲ್ ತೆರೆದೆ. ಮೊದಲು ಒಳಗಿನ ಫೋಟೋ ಪೆಟ್ಟಿಗೆಯನ್ನೇ ಬೇರೆ ಮಾಡಿದೆ. ಆಮೇಲೆ ಅವರ ಮುಖಕ್ಕೆ ನಾನು ಬಳಿದಿದ್ದ ಬಿಳುಪಿನ ಪದರವನ್ನು ತೆಗೆದೆ. ಕೂದಲಿನ ಬಣ್ಣ ತೆಗೆದೆ. ಕಲೆ ಒರೆಸಿದ್ದ ಪದರವನ್ನು ತೆಗೆದಾಗ ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಹಾಂ. ಇದು. ಇದ್ಯಾಕ್ ಅಳ್ಸಿದ್ದೆ?"

"ಚೆನ್ನಾಗಿ ಕಾಣ್ಲಿ ಅಂತ."

"ಸಂಕ್ರಾಂತಿ ಕಿಚ್ಚಲ್ಲಿ ಎತ್ತು ಬೆದ್ರಿ ಕೊಂಬಲ್ ಸೀಳಿದ್ದು. ಒಂಬತ್ ವರ್ಸ ನಂಗೆ. ಕೆಂಪಸಿದ್ದ ನನ್ಗಿಂತ ಮೂರ್ ವರ್ಸಕ್ ದೊಡ್ಡೋನು, ಎಗಲ್ ಮೇಲೆ ಆಕ್ಕಂಡು ಆಸ್ಪತ್ರೆಗಂಟ ಓಡಿದ್ದ. ನನ್ ರಕ್ತ ಅವನ್ ಅಂಗಿ ತುಂಬ. ದಾರೀಲೆಲ್ಲಾ ಸಾಯ್ಬ್ಯಾಡ ಕಣ್ಲಾ, ಸಾಯ್ಬ್ಯಾಡ ಕಣ್ಲಾ ಅಂತಿದ್ದ." ಪರದೆಯ ಮೇಲಿನ ಕಲೆಗೆ ಬೆರಳು ತಾಗಿಸಿದರು. "ಈಗ ಅವನೇ ಮೊದ್ಲು ಓದ."

ಆಮೇಲೆ ಒಂದೊಂದೇ ತಕರಾರು. ಹೂವು ಜಾಸ್ತಿಯಾಯಿತು, ಮೂಗಿನ ಮೇಲೆ ಬೀಳುತ್ತದೆ. ದೀಪ ಯಾಕೆ ಹೀಗೆ ನಡುಗುತ್ತದೆ, ಗಾಳಿ ಬೀಸುತ್ತದಾ? ಜ್ವಾಲೆಯ ಗುರುತುಗಳನ್ನು ದೂರ ದೂರ ಇಟ್ಟೆ, ಓಲಾಟ ನಿಧಾನವಾಯಿತು. ಮುಖ ಅಷ್ಟು ಹತ್ತಿರ ಬರಬಾರದು, ಮೈಮೇಲೆ ಬಿದ್ದ ಹಾಗಾಗುತ್ತದೆ. ಹಿಂದೆ ಸರಿಸಿದೆ. ಪ್ರತಿ ಸಲವೂ ಮೌಸು ಒತ್ತುವ ಮೊದಲು ಅವರ ಕಡೆ ತಿರುಗಿ ನೋಡುತ್ತಿದ್ದೆ.

"ನೀನ್ಯಾಕ್ ಎದ್ರುಕತೀಯೆ? ಸಾಯಾನು ನಾನು," ಅಂದರು. ರಘುನಂದನ್ ಎದ್ದು ಹೊರಗೆ ಹೋದ.

ಅವರಿಗೆ ಮೀಸೆ ಇದೆ. ತೆಳ್ಳಗೆ, ತುದಿಯಲ್ಲಿ ಮಾತ್ರ ಕಪ್ಪು. ಎಡಗಣ್ಣು ಬಲಗಣ್ಣಿಗಿಂತ ಒಂಚೂರು ಸಣ್ಣದು, ಕಲೆ ಎಳೆದು ಹಾಗಾಗಿದೆ. ಹಣೆಯಲ್ಲಿ ಮೂರು ಗೆರೆ, ನಡುವಿನದು ಮಧ್ಯದಲ್ಲಿ ಮುರಿದಿದೆ. ನಗದಿದ್ದರೂ ನಕ್ಕ ಹಾಗೆ ಕಾಣುವ ಬಾಯಿ. ಇಷ್ಟು ಹೊತ್ತು ನಾನು ಅಪ್ಪನ ಮುಖವನ್ನೂ ನೋಡಿರಲಿಲ್ಲ ಎಂದು ಕಾಣುತ್ತದೆ.

ರೆಂಡರ್ ಆದ ಮೇಲೆ ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಇನ್ನೊಂದು ಸಲ ಹಾಕು ಎಂದರು. ನಾಲ್ಕು ಸಲ ನೋಡಿದರು. ಕೊನೆಗೆ ತಾವೇ ತಮಗೆ ಕೈ ಮುಗಿದು ಕುರ್ಚಿಯಿಂದ ಎದ್ದರು.

"ವಾಪಸ್ ಬಂದ್ರೆ ಅಳುಸ್ಬುಡು. ಬರ್ದೆ ಓದ್ರೆ ರಗು ಪೋನ್ ಮಾಡ್ತಾನೆ, ಕಳ್ಸು. ದೇವೀರಿಗೆ ಮಾತ್ರ ಗೊತ್ತಾಗ್ಬಾರ್ದು. ಇಂಗ್ ಮಾಡುಸ್ಕಂಡ್ ಬಂದೆ ಅಂದ್ರೆ ಆಪ್ರೇಸನ್ಗೂ ಮುಂಚೆ ಅವ್ಳೇ ಕೊಲ್ತಾಳೆ ನನ್ನ."

ಅವರು ಹೋದ ಮೇಲೆ ನುಜ್ಹತ್ ಅಕ್ಕ ಹೂವಿನ ನೆರಳು ಸರಿಯಾಗಿ ಬಿದ್ದಿದೆ ಎಂದರು. ನಾನು ಯಾವಾಗ ಹಾಕಿದೆನೋ ನನಗೇ ನೆನಪಿಲ್ಲ.

ಜೂನ್ 24, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಹೊನ್ನಯ್ಯನವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ.

ಒಂದು ನಾಮಕರಣದ ಬ್ಯಾನರ್ ಬಂತು. ಮಗುವಿನ ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಗುರುತು. ತೆಗೆಯಲೋ ಬೇಡವೋ ಎಂದು ಅವರಮ್ಮನಿಗೆ ಫೋನ್ ಮಾಡಿ ಕೇಳಿದೆ. ಸರ್ ಬೈದರು, ಹೀಗೆ ಒಂದೊಂದು ಮುಖಕ್ಕೂ ಅರ್ಧ ಗಂಟೆ ಕೂತರೆ ಅಂಗಡಿ ಮುಚ್ಚಬೇಕು ಅಂತ. ಈಚೆಗೆ ಕೆಲಸ ನಿಧಾನವಾಗಿದೆ ನನ್ನದು, ಯಾಕೋ ಗೊತ್ತಿಲ್ಲ.

ಎರಡು ಗಂಟೆಗೆ ಫೋನ್. ರಘುನಂದನ್ ಎಂದು ಹೆಸರು ಕಂಡಿತು. ನನಗೆ ಎತ್ತಲು ಆಗಲಿಲ್ಲ. ನಿಂತಿತು. ಮತ್ತೆ ಬಂತು. ನುಜ್ಹತ್ ಅಕ್ಕ ಬಂದು ನನ್ನ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಇನ್ನೂ ಒಳಗೇ ಅವ್ರಂತೆ. ಅಷ್ಟ್ ಯೋಳಕ್ ಮಾಡಿದ್ದಂತೆ," ಅಂದರು. ಹೇಳಲು ಬೇರೆ ಯಾರೂ ಸಿಗಲಿಲ್ಲವೇನೋ ಅವನಿಗೆ.

ಐದೂವರೆಗೆ ಮತ್ತೆ ಬಂತು. ನಾನೇ ಎತ್ತಿದೆ. ಆಪರೇಷನ್ ಮುಗಿದಿದೆ. ಎಚ್ಚರ ಬಂದಿಲ್ಲ. ಬೆಳಗಿನವರೆಗೆ ಏನೂ ಹೇಳುವುದಿಲ್ಲ ಎಂದಿದ್ದಾರೆ ಡಾಕ್ಟರು. ವಿಡಿಯೋ ನನ್ನ ಫೋನಿಗೂ ಹಾಕಿಕೊಂಡಿದ್ದೇನೆ. ಅದು ಜೇಬಿನಲ್ಲಿ ಭಾರವಾಗಿದೆ. ಅಕ್ಕ ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಬಂದರು.

ಜೂನ್ 25, ಬುಧವಾರ

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಫೋನ್ ಇಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಹೊತ್ತಿಗೆ ಮಾಡುತ್ತಿರಲಿಲ್ಲವಾ?

ಹನ್ನೊಂದೂಮುಕ್ಕಾಲಿಗೆ ಗೊತ್ತಿಲ್ಲದ ನಂಬರು. ಎತ್ತಿದೆ. ಹೆಂಗಸಿನ ದನಿ, ದೇವಿರಮ್ಮ. ಬರೀ ಉಸಿರು ಕೇಳಿಸಿತು ಮೊದಲು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಕಣ್ ಬುಟ್ರು ಕಣವ್ವ," ಅಂದರು.

ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

"ಬಾಯಲ್ಲಿದ್ ಪೈಪ್ ತಗುದ್ರು ಈಗ. ನನ್ ಮೊಕ ನೋಡ್ಬುಟ್ಟು ಮೊದಲ್ನೇ ಮಾತು ಏನ್ ಅಂದ್ರು ಗೊತ್ತಾ? ನೀರ್ ಕೊಡು ಅನ್ನಲಿಲ್ಲ, ನೀನ್ ಉಂಡ್ಯಾ ಅನ್ನಲಿಲ್ಲ. 'ಮಳವಳ್ಳಿ ಉಡ್ಗಿಗೆ ಬೇಗ ಪೋನ್ ಮಾಡು, ಕಳುಸ್ಬ್ಯಾಡ ಅನ್ನು' ಅಂದ್ರು. ಏನವ್ವ ಅದು? ಏನ್ ಕಳುಸ್ಬಾರ್ದು?"

ನುಜ್ಹತ್ ಅಕ್ಕ ಎದ್ದು ಬಂದು ನನ್ನ ಭುಜ ಹಿಡಿದುಕೊಂಡಿದ್ದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

"ಏನಿಲ್ಲಮ್ಮ, ಒಂದ್ ಪೋಟೋ ಕೆಲ್ಸ," ಅಂದೆ. "ಕಳ್ಸಲ್ಲ ಅಂತ ಯೋಳಿ."